ದುಂಡನೆಯ ದಪ್ಪಕ್ಷರ: ಸೊರಬ ಸೀಮೆಯ ಕಲ್ಲಿನಿಂದ ಅಚ್ಚಿನ ಮೊಳೆಯವರೆಗೆ

ಕಣ್ಣಿಗೆ ಸೇರಿದ ವಿಷಯವೊಂದನ್ನು ಕಿವಿಯ ಮೂಲಕ ತಿಳಿಸಹೊರಟವನ ಪಾಡು ಸ್ವಲ್ಪ ಕಷ್ಟದ್ದೇ ಸರಿ. ಅಕ್ಷರದ ಆಕಾರವನ್ನು ಕುರಿತು ಆಕಾಶವಾಣಿಯಲ್ಲಿ ಮಾತನಾಡಬೇಕೆಂದಾಗ ನನಗೂ ಮೊದಲು ಅಳುಕಾಯಿತು. ಆದರೆ ಕನ್ನಡಿಗರಾದ ಶ್ರೋತೃಗಳೆಲ್ಲರ ಬೆರಳಿನಲ್ಲಿಯೂ ಈ ಅಕ್ಷರಗಳು ಬಾಲ್ಯದಿಂದಲೇ ನೆಲೆಗೊಂಡಿರುವುದರಿಂದ, ಚಿತ್ರಪಟದ ಸಹಾಯವಿಲ್ಲದೆಯೂ ಕೆಲಸ ಸಾಗೀತೆಂದು ಧೈರ್ಯ ತಂದುಕೊಂಡಿದ್ದೇನೆ. ದಯಮಾಡಿ ತಾವೆಲ್ಲರೂ ‘ಸೊರಬ’ ಎಂಬ ಊರಿನ ಹೆಸರನ್ನು ಅಂಗೈಯ ಮೇಲೆ ಬೆರಳಿನಿಂದ ಒಮ್ಮೆ ಬರೆದು ನೋಡಬೇಕು. ಮೂರೇ ಅಕ್ಷರ. ಒತ್ತಿಲ್ಲ, ದೀರ್ಘವಿಲ್ಲ. ತಲೆಕಟ್ಟೆಂಬುದು ನಡುವಣ ರಕಾರಕ್ಕೆ ಮಾತ್ರ. ಮೊದಲಿನಿಂದ ಕೊನೆಯವರೆಗೆ ಬೆರಳು ಸುತ್ತುತ್ತಲೇ ಹೋಗುತ್ತದೆ. ಎಲ್ಲಿಯೂ ಒಂದು ಉದ್ದನೆಯ ನೇರ ಗೆರೆ ಸಿಕ್ಕುವುದಿಲ್ಲ. ದುಂಡನೆಯ ದಪ್ಪಕ್ಷರದಲ್ಲಿ ಬರೆಯುವುದಕ್ಕೆಂದೇ ಯಾರೋ ಈ ಹೆಸರನ್ನು ಆರಿಸಿದರೋ ಎಂಬಂತಿದೆ.

ಈ ಮಾತು ನನಗೆ ಹೊಳೆದದ್ದು ಗ್ರಂಥಾಲಯದಲ್ಲಿ ಅಲ್ಲ, ಬಸ್ಸಿಗಾಗಿ ಕಾದು ನಿಂತಿದ್ದಾಗ. ನಮ್ಮ ಸೀಮೆಯ ಒಂದು ನಿಲ್ದಾಣದಲ್ಲಿ ಹೊಸದಾಗಿ ಒಂದು ಫಲಕವನ್ನು ತೂಗುಹಾಕಿದ್ದರು. ಬೆಣ್ಣೆಯ ಉಂಡೆಗಳನ್ನು ಸಾಲಾಗಿ ಇಟ್ಟಂತೆ ಕೊಬ್ಬಿದ ಅಕ್ಷರಗಳು. ಮೇಲೆ ‘ಸೊರಬ’ ಎಂದಿತ್ತು. ಅದು ರಸ್ತೆಯ ಆಚೆಯ ಬದಿಯಿಂದಲೂ ಚೆಲುವಾಗಿ ಕಾಣುತ್ತಿತ್ತು. ಅದರ ಕೆಳಗೆ ‘ಜಡೆ’, ‘ಉಳವಿ’; ಅವಕ್ಕೂ ಕೊರತೆಯೇನೂ ಇರಲಿಲ್ಲ. ಮತ್ತೂ ಕೆಳಗೆ ‘ಆನವಟ್ಟಿ’, ‘ಕುಪ್ಪಗಡ್ಡೆ’, ‘ಚಂದ್ರಗುತ್ತಿ’. ಇಲ್ಲಿ ಅನರ್ಥ ಪ್ರಾರಂಭವಾಯಿತು. ಟಕಾರದ ಕೆಳಗಿನ ಟಕಾರ, ಪಕಾರದ ಕೆಳಗಿನ ಪಕಾರ, ಡಕಾರದ ಕೆಳಗಿನ ಡಕಾರ ಇವೆಲ್ಲ ಮೇಲಿನ ಅಕ್ಷರಕ್ಕೆ ಅಂಟಿಕೊಂಡು, ಮಸಿ ಚೆಲ್ಲಿದ ಕಲೆಗಳಂತೆ ಆಗಿಹೋಗಿದ್ದುವು. ರೇಣುಕಾಂಬೆಯ ದರ್ಶನಕ್ಕೆ ಹೊರಟಿದ್ದ ಒಬ್ಬ ಅಜ್ಜಿ ಆ ಫಲಕವನ್ನು ಕತ್ತೆತ್ತಿ ಬಹಳ ಹೊತ್ತು ನೋಡಿ, ನನ್ನ ಕಡೆಗೆ ತಿರುಗಿ, ‘ತಮಾ, ಚಂದ್ರಗುತ್ತಿ ಅಂತ ಯಾವುದರಲ್ಲಿ ಬರ್ದಿದೆ?’ ಎಂದು ಕೇಳಿದಳು. ಆಕೆಗೆ ಓದು ಬರುತ್ತಿತ್ತು. ಓದಿಗೆ ಎಡೆಗೊಡದಿದ್ದುದು ಅಕ್ಷರ.

ಒಂದೇ ಅಕ್ಷರಜಾತಿ ಒಂದು ಹೆಸರಿಗೆ ಭೂಷಣವಾಗಿ ಇನ್ನೊಂದಕ್ಕೆ ಮುಸುಕಾಗುವುದೇಕೆ? ಇದಕ್ಕೆ ಉತ್ತರ ಹುಡುಕಬೇಕಾದರೆ ನಮ್ಮ ಲಿಪಿಗೆ ದುಂಡುತನ ಹೇಗೆ ಬಂದಿತೆಂಬುದನ್ನು ಮೊದಲು ನೋಡಬೇಕಾಗುತ್ತದೆ. ಅದಕ್ಕೆ ಶಿಕಾರಿಪುರ ಮತ್ತು ಸೊರಬದ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಸಾವಿರ ವರ್ಷಗಳ ಅಕ್ಷರಮಾಲೆ ಒಂದೆರಡು ದಿನಗಳ ಪ್ರಯಾಣದೊಳಗೆ ಕಲ್ಲಿನ ಮೇಲೆ ಬಿಡಿಸಿಟ್ಟಿದೆ. ರೈಸ್ ಮಹಾಶಯರು ತಮ್ಮ ಶಾಸನಸಂಪುಟಗಳಲ್ಲಿ ಶಿಕಾರಿಪುರದ ಶಾಸನಗಳನ್ನು ೧೯೦೨ರಲ್ಲಿಯೂ ಸೊರಬದವನ್ನು ೧೯೦೪ರಲ್ಲಿಯೂ ಪ್ರಕಟಿಸಿದರು. ಆ ಎರಡು ಸಂಪುಟಗಳನ್ನು ಕೈಯಲ್ಲಿ ಹಿಡಿದು ಈ ಊರುಗಳನ್ನು ಸುತ್ತಿದವನಿಗೆ ಲಿಪಿಯ ಇತಿಹಾಸವನ್ನು ಬೇರೆ ಪುಸ್ತಕದಿಂದ ಕಲಿಯಬೇಕಾದ ಅವಶ್ಯಕತೆ ಅಷ್ಟಾಗಿ ಇರುವುದಿಲ್ಲ.

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ ಒಂದು ಕಂಬವಿದೆ. ಚುಟು ವಂಶದ ಸಾತಕರ್ಣಿಯ ದಾನವೂ, ಬಳಿಕ ಬಂದ ಕದಂಬರ ದಾನವೂ ಒಂದೇ ಕಂಬದ ಮೇಲಿವೆ. ಭಾಷೆ ಪ್ರಾಕೃತ. ಅಕ್ಷರಗಳು ಬ್ರಾಹ್ಮಿಯ ಹತ್ತಿರದ ಬಂಧುಗಳು. ಅವುಗಳಲ್ಲಿ ಇನ್ನೂ ಗೆರೆಯ ಬಿಗುವಿದೆ. ಅಲ್ಲಿಂದ ತಾಳಗುಂದಕ್ಕೆ ಬಂದರೆ ಪ್ರಣವೇಶ್ವರ ದೇವಾಲಯದ ಮುಂದೆ ಎಂಟು ಮುಖಗಳ ಕಂಬ ನಿಂತಿದೆ. ಐದನೆಯ ಶತಮಾನದ ನಡುಭಾಗಕ್ಕೆ ಸೇರಿದ ಆ ಶಾಸನದಲ್ಲಿಯೇ ಮಯೂರಶರ್ಮನು ಕಾಂಚಿಯ ಘಟಿಕೆಗೆ ಹೋಗಿ, ಪಲ್ಲವರ ಅಶ್ವಾರೋಹಿಗಳೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕಥೆ ಬರುವುದು. ಚರಿತ್ರೆಯ ಪುಸ್ತಕಗಳಲ್ಲಿ ಆ ಕಥೆಯನ್ನೇ ಹೇಳುತ್ತಾರೆ. ಅಕ್ಷರವನ್ನು ಕುರಿತು ಹೇಳುವವರು ಕಡಮೆ. ಸಾಲುಗಳು ನಮ್ಮ ಪುಸ್ತಕಗಳಲ್ಲಿರುವಂತೆ ಅಡ್ಡಲಾಗಿಲ್ಲ. ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದೇ ಒಂದು ಚಿಕ್ಕ ಸಾಲು. ಓದಬೇಕೆನ್ನುವವನು ಕುತ್ತಿಗೆಯನ್ನು ವಾಲಿಸಿ, ಕಂಬವನ್ನು ಪ್ರದಕ್ಷಿಣೆ ಮಾಡಬೇಕು. ಶಾಂತಿವರ್ಮನ ಅಪ್ಪಣೆಯಂತೆ ಕಾವ್ಯವನ್ನು ರಚಿಸಿದ ಕುಬ್ಜನೆಂಬ ಕವಿ, ತಾನೇ ಅದನ್ನು ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಕವಿಯೇ ಲಿಪಿಕಾರನೂ ಆದ ಇಂಥ ಸಂದರ್ಭ ಅಪರೂಪ.

ಕುಬ್ಜನ ಅಕ್ಷರಗಳ ತಲೆಯ ಮೇಲೆ ಒಂದೊಂದು ಚಿಕ್ಕ ಪೆಟ್ಟಿಗೆಯಿದೆ. ಚೌಕನಾದ ಆ ತಲೆಯಿಂದಾಗಿ ಇಡೀ ಬರವಣಿಗೆಗೆ ಒಂದು ಗಾಂಭೀರ್ಯ ಬಂದಿದೆ. ಆ ಪೆಟ್ಟಿಗೆಯೇ ಕಾಲಕ್ರಮದಲ್ಲಿ ಸವೆದು, ಬಾಗಿ, ನಮ್ಮ ಇಂದಿನ ತಲೆಕಟ್ಟಾಗಿ ಉಳಿದಿದೆ. ಮಕ್ಕಳಿಗೆ ‘ತಲೆಕಟ್ಟು ಮರೆತೆ’ ಎಂದು ಗದರಿಸುವಾಗ ನಾವು ಕದಂಬರ ಕಾಲದ ಒಂದು ಅಲಂಕಾರವನ್ನು ಕಾಪಾಡುತ್ತಿರುತ್ತೇವೆಂಬುದು ನಮಗೇ ತಿಳಿದಿರುವುದಿಲ್ಲ. ದುಂಡುತನವಾದರೋ ತಾಳಗುಂದದಲ್ಲಿ ಆಗಲೇ ಮೊಳೆತಿದೆ. ಗೆರೆಗಳ ತುದಿಗಳು ಬಾಗತೊಡಗಿವೆ. ಆದರೆ ಅಕ್ಷರ ಇನ್ನೂ ಸುತ್ತಿಕೊಂಡಿಲ್ಲ.

ಪೂರ್ಣವಾದ ಸುತ್ತನ್ನು ಕಾಣಬೇಕಾದರೆ ಹತ್ತಿರದ ಬಳ್ಳಿಗಾವಿಗೆ ಹೋಗಬೇಕು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಕಲ್ಯಾಣದ ಚಾಲುಕ್ಯರ ಕೆಳಗೆ ಬನವಾಸಿ ನಾಡಿನ ರಾಜಧಾನಿಯಾಗಿದ್ದ ಆ ಊರಿನಲ್ಲಿ, ೧೦೪೭ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಭೇರುಂಡಸ್ತಂಭವೂ, ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳೂ, ಅವುಗಳ ಶಾಸನಗಳೂ ಇವೆ. ಕುಬ್ಜನ ಕಂಬವನ್ನು ಬೆಳಗ್ಗೆ ನೋಡಿ ಮಧ್ಯಾಹ್ನ ಈ ಶಾಸನಗಳ ಮುಂದೆ ನಿಂತರೆ, ಆರುನೂರು ವರ್ಷಗಳಲ್ಲಿ ಅಕ್ಷರಕ್ಕೆ ಮೈಬಂದ ಪರಿ ತಾನೇ ತಾನಾಗಿ ತಿಳಿಯುತ್ತದೆ. ಮುತ್ತುಗಳನ್ನು ಕೋದಂತೆ ಎಂಬ ಹೋಲಿಕೆ ಬಳಸಿ ಬಳಸಿ ಸವೆದುಹೋಗಿದೆಯಾದರೂ ಅಲ್ಲಿ ಬೇರೆ ಮಾತು ತೋಚುವುದಿಲ್ಲ.

ಈ ದುಂಡುತನಕ್ಕೆ ಕಾರಣವೇನು? ಓಲೆಗರಿಯೆಂಬುದು ಎಲ್ಲರೂ ಕೊಡುವ ಉತ್ತರ. ಕಬ್ಬಿಣದ ಕಂಟದಿಂದ ಎಳೆಯ ನೇರಕ್ಕೆ ಗೆರೆಯೆಳೆದರೆ ಗರಿ ಸೀಳುತ್ತದೆ. ಆದ್ದರಿಂದ ಬರೆಯುವವರು ಗೆರೆಯನ್ನು ಬಾಗಿಸಿದರು ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಇದೊಂದೇ ಕಾರಣವಾಗಿದ್ದರೆ, ಅದೇ ಗರಿಯ ಮೇಲೆ ಅಂಥದೇ ಕಂಟದಿಂದ ಬರೆದ ತಮಿಳರು ತಮ್ಮ ಅಕ್ಷರಗಳಲ್ಲಿ ಅಡ್ಡಗೆರೆಗಳನ್ನೂ ಮೂಲೆಗಳನ್ನೂ ಇಂದಿನವರೆಗೆ ಹೇಗೆ ಉಳಿಸಿಕೊಂಡರು? ಉಪಕರಣ ದಾರಿ ತೋರಿಸುತ್ತದೆ; ನಡೆಯುವುದು ಕೈ. ಕನ್ನಡ ನಾಡಿನ ಮತ್ತು ತೆಲುಗು ನಾಡಿನ ಕೈಗಳಿಗೆ ಸುತ್ತು ಹಿಡಿಸಿತು, ಅಷ್ಟೆ. ಬಳ್ಳಿಗಾವಿಯ ಕಡೆ ಇನ್ನೊಂದು ಅನುಕೂಲವೂ ಇದ್ದಿತು. ಅಲ್ಲಿನ ಶಿಲ್ಪಿಗಳಿಗೆ ದೊರೆತದ್ದು ಮೆದುವಾದ, ಉಳಿಗೆ ಬಾಗುವ ಬಳಪದ ಕಲ್ಲು. ಹುಡುಗರು ಸ್ಲೇಟಿನ ಮೇಲೆ ತಿದ್ದುವ ಬಳಪಕ್ಕೂ ಅದೇ ಹೆಸರು. ಶಾಸನವನ್ನು ಹೊತ್ತ ಕಲ್ಲಿಗೂ ಅಕ್ಷರಾಭ್ಯಾಸದ ಕಡ್ಡಿಗೂ ಒಂದೇ ಹೆಸರಿಟ್ಟಿರುವ ಭಾಷೆ ನಮ್ಮದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಲ್ಲಿನ ಅಕ್ಷರ ದಪ್ಪವಾದ ಅಕ್ಷರವಲ್ಲ. ಶಾಸನವನ್ನು ಕಂಡರಿಸಿದವನು ಕಲ್ಲಿನೊಳಕ್ಕೆ ಒಂದು ಗೀರನ್ನು ಇಳಿಸುತ್ತಾನೆ. ಗೀರಿನೊಳಗೆ ಬೀಳುವ ನೆರಳೇ ನಮಗೆ ಮಸಿಯಾಗಿ ಕಾಣುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಅಕ್ಷರ ಕಪ್ಪಾಗಿ, ದಪ್ಪವಾಗಿ ಎದ್ದು ನಿಲ್ಲುತ್ತದೆ. ನಡುಹಗಲಿನಲ್ಲಿ ತೆಳ್ಳಗಾಗಿ ಮಾಯವಾಗುತ್ತದೆ. ಶಾಸನ ಓದುವವರು ಹೊತ್ತಾರೆ ಹೊರಡುವುದು ಇದಕ್ಕಾಗಿಯೇ. ಹಾಗಾದರೂ ಅಕ್ಷರದ ಒಳಗಿನ ಬಯಲು, ಅಂದರೆ ಸುತ್ತಿದ ಗೆರೆ ತನ್ನೊಳಗೆ ಹಿಡಿದುಕೊಂಡ ಎಡೆ, ಎಂದಿಗೂ ಮುಚ್ಚುವುದಿಲ್ಲ. ಅದು ಕಲ್ಲಿನ ಮೇಲ್ಮೈಯಾಗಿ ಬೆಳಕಿನಲ್ಲಿಯೇ ಇರುತ್ತದೆ. ಸೊರಬ ತಾಲ್ಲೂಕಿನ ಉದ್ರಿಯಲ್ಲಿರುವ ವೀರಗಲ್ಲುಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ವೀರನ ಪಯಣ, ಮೇಲೆ ಶಿವಸನ್ನಿಧಿ. ಈ ಅಂತಸ್ತುಗಳ ನಡುವಣ ಕಿರಿದಾದ ಪಟ್ಟಿಗಳಲ್ಲಿ ಬರವಣಿಗೆ. ಎರಡು ಬೆರಳಿನಗಲದ ಆ ಎಡೆಯಲ್ಲಿ ವೀರನ ಹೆಸರು, ಅರಸನ ಬಿರುದು, ತಿಥಿ ವಾರ ಎಲ್ಲವೂ ಹಿಡಿಸಬೇಕು. ರೂವಾರಿ ಅಲ್ಲಿ ಗೀರನ್ನು ಸಣ್ಣದಾಗಿಸಿದನೇ ಹೊರತು ಅಕ್ಷರದ ಒಡಲನ್ನು ಮುಚ್ಚಲಿಲ್ಲ. ಎಡೆ ಕಡಮೆಯಾದಲ್ಲಿ ಗೆರೆ ತೆಳ್ಳಗಾಗಬೇಕೆಂಬುದು ಅವನಿಗೆ ಯಾರೂ ಹೇಳಿಕೊಡದೆಯೇ ತಿಳಿದಿತ್ತು.

ಈಗ ಒಂದೇ ನೆಗೆತಕ್ಕೆ ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ಕನ್ನಡ ಅಕ್ಷರಕ್ಕೆ ಲೋಹದ ಮೈ ಬಂದುದು ನಮ್ಮ ನಾಡಿನಿಂದ ಬಹುದೂರದ ಶ್ರೀರಾಮಪುರದಲ್ಲಿ. ಬಂಗಾಳದ ಆ ಊರಿನಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ೧೮೧೭ರಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಮುದ್ರಣವನ್ನು ಪ್ರಾರಂಭಿಸಿದುದು ಮೊಳೆಯಿಂದಲ್ಲ, ಕಲ್ಲಚ್ಚಿನಿಂದ. ಮೋಗ್ಲಿಂಗ್ ಅವರು ೧೮೪೩ರ ಜುಲೈ ಒಂದರಂದು ಹೊರತಂದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಕಲ್ಲಚ್ಚಿನಲ್ಲಿ ಮನುಷ್ಯನ ಕೈಬರಹವೇ ಮೂಡುವುದರಿಂದ ಅಕ್ಷರದ ಸುತ್ತು ಸಹಜವಾಗಿಯೇ ಉಳಿಯಿತು. ಮೊಳೆಯ ಕಥೆ ಬೇರೆ.

ಅಚ್ಚುಮೊಳೆಯನ್ನು ಮಾಡುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಉಕ್ಕಿನ ಒಂದು ಸಲಾಕೆಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆಯುತ್ತಾರೆ. ಅದನ್ನು ತಾಮ್ರದ ತುಂಡಿಗೆ ಹೊಡೆದರೆ ತಗ್ಗಾದ ಅಚ್ಚು ಬೀಳುತ್ತದೆ. ಆ ಅಚ್ಚಿನೊಳಗೆ ಸೀಸ, ತವರ, ಆಂಟಿಮನಿಗಳ ಎರಕವನ್ನು ಹೊಯ್ದರೆ ಮೊಳೆ ಸಿದ್ಧ. ಉಕ್ಕಿನ ತುದಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಗೆರೆಯನ್ನು ಕೆತ್ತುವುದಲ್ಲ. ಗೆರೆಯ ಒಳಗಿನ ಹಳ್ಳವನ್ನು ತೋಡುವುದು. ಅದಕ್ಕೆಂದೇ ಬೇರೊಂದು ಚಿಕ್ಕ ಉಳಿಯನ್ನು ಮಾಡಿಕೊಂಡು, ಹಳ್ಳವನ್ನು ಒಂದೇ ಪೆಟ್ಟಿಗೆ ಇಳಿಸಿ, ಬಳಿಕ ಹೊರಮೈಯನ್ನು ಅರದಿಂದ ಉಜ್ಜಿ ಗೆರೆಯನ್ನು ಬಿಡಿಸುತ್ತಾರೆ. ಹೀಗೆ ಅಕ್ಷರ ಹುಟ್ಟುವುದು ಒಳಗಿನ ಬಯಲಿನಿಂದ. ಗೆರೆ ಎಂಬುದು ಅದರ ಸುತ್ತ ಉಳಿದದ್ದು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ಇಂಗ್ಲಿಷಿನ ಅಕ್ಷರ ಒಂದು ಅಂತಸ್ತಿನ ಮನೆ. ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಮೇಲಕ್ಕೋ ಕೆಳಕ್ಕೋ ಕೈಚಾಚುತ್ತದೆ. ನಮ್ಮದು ಮೂರು ಅಂತಸ್ತಿನದು. ಮೇಲೆ ತಲೆಕಟ್ಟು, ಗುಡಿಸು, ಏತ್ವ, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ಒಂದೇ ಎತ್ತರದ ಮೊಳೆಯಲ್ಲಿ ಈ ಮೂರೂ ಅಡಕವಾಗಬೇಕಾದುದರಿಂದ ನಡುವಣ ಒಡಲಿಗೆ ದೊರೆಯುವ ಎಡೆ ಬಹಳ ಕಡಮೆ. ಇಂಥ ಇಕ್ಕಟ್ಟಿನ ಮನೆಯ ಗೋಡೆಗಳನ್ನು ದಪ್ಪಮಾಡಿದರೆ ಕೋಣೆಗಳು ಏನಾಗಬೇಕು? ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ೧೭೦೦ಕ್ಕೂ ಮಿಕ್ಕ ಪುಟಗಳ ಆ ಗ್ರಂಥದ ಸಣ್ಣ ಮೊಳೆಗಳನ್ನು ಇಂದಿಗೂ ಕಣ್ಣು ನೋಯದೆ ಓದಬಹುದು. ಗೆರೆ ಹದವಾಗಿದ್ದು ಒಡಲು ತೆರೆದಿರುವುದೇ ಅದಕ್ಕೆ ಕಾರಣ.

ದಪ್ಪಕ್ಷರವೆಂಬ ಬಯಕೆ ಹುಟ್ಟಿದ್ದು ಪುಸ್ತಕದ ಪುಟದಲ್ಲಿ ಅಲ್ಲ, ಬೀದಿಯ ಗೋಡೆಯ ಮೇಲೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ಲಾಟರಿಯವರೂ ನಾಟಕದವರೂ ದಾರಿಹೋಕರ ಕಣ್ಣನ್ನು ಹಿಡಿದು ನಿಲ್ಲಿಸುವ ಅಕ್ಷರವನ್ನು ಬೇಡಿದರು. ಮೊಳೆ ಎರೆಯುವವರು ಹಿಂದೆಂದೂ ಇಲ್ಲದಷ್ಟು ಕೊಬ್ಬಿದ ಅಕ್ಷರಗಳನ್ನು ಮಾಡಿಕೊಟ್ಟರು. ದಪ್ಪದ ಜೊತೆಗೆ ದುಂಡು ಸೇರಿದ್ದಕ್ಕೆ ಪ್ರಸಿದ್ಧವಾದ ಉದಾಹರಣೆ ಅಮೆರಿಕದ ಷಿಕಾಗೋ ನಗರದಿಂದ ೧೯೨೨ರಲ್ಲಿ ಹೊರಟ ‘ಕೂಪರ್ ಬ್ಲ್ಯಾಕ್’. ಮೂಲೆಗಳೆಲ್ಲ ಕರಗಿ, ಮಳೆಯಲ್ಲಿ ನೆನೆದ ಬೆಲ್ಲದಂತಿರುವ ಆ ಅಕ್ಷರ ಜಾಹೀರಾತಿನವರ ಮುದ್ದಿನ ಮಗುವಾಯಿತು. ರೋಮನ್ ಲಿಪಿಗೆ ಇದೊಂದು ವೇಷ. ನೇರ ಗೆರೆಯ ಅಕ್ಷರ ಹಬ್ಬದ ದಿನ ಹಾಕಿಕೊಂಡ ಅಂಗಿ. ಕನ್ನಡಕ್ಕಾದರೆ ದುಂಡುತನ ಅಂಗಿಯಲ್ಲ, ಮೈಯೇ. ಆದ್ದರಿಂದ ನಮ್ಮ ದುಂಡನೆಯ ದಪ್ಪಕ್ಷರ ಸುಲಭವಾಗಿ ಒಗ್ಗುತ್ತದೆ; ಅಷ್ಟೇ ಸುಲಭವಾಗಿ ಕೆಡುತ್ತದೆ.

ಸೀಸದ ಮೊಳೆಗಳ ಕಾಲ ಕಳೆದು ಅಕ್ಷರಗಳು ಗಣಕಯಂತ್ರದೊಳಕ್ಕೆ ಸೇರಿದ ಮೇಲೆ ಈ ಜಾತಿಯ ಅಕ್ಷರಗಳು ಕನ್ನಡದಲ್ಲಿ ಹಲವು ಬಂದಿವೆ. ಅವುಗಳಲ್ಲಿ ಎಲ್ಲೆಲ್ಲಿಯೂ ಕಾಣುವುದು ಮುಂಬಯಿಯ ಏಕ್ ಟೈಪ್ ಎಂಬ ಸಂಸ್ಥೆಯವರ ‘ಬಾಲೂ’. ಹೆಸರು ಕಿಪ್ಲಿಂಗನ ಕಥೆಯ ಕರಡಿಯನ್ನು ನೆನಪಿಗೆ ತರುತ್ತದೆ. ಆಕಾರವೂ ಅದಕ್ಕೆ ತಕ್ಕುದೇ. ಭಾರತದ ನಾನಾ ಲಿಪಿಗಳಿಗೆ ಈ ಅಕ್ಷರವನ್ನು ಹೊಂದಿಸುವಾಗ ಅವರು ಒಂದೊಂದಕ್ಕೂ ಮನೆಮಾತಿನ ಹೆಸರು ಸೇರಿಸಿದ್ದಾರೆ. ಮಲಯಾಳಕ್ಕೆ ‘ಚೇಟ್ಟನ್’, ತಮಿಳಿಗೆ ‘ತಂಬಿ’, ತೆಲುಗಿಗೆ ‘ತಮ್ಮುಡು’, ಕನ್ನಡಕ್ಕೆ ‘ತಮ್ಮ’. ಮಲಯಾಳಿಗಳು ಅಣ್ಣನಾಗಿ ನಾವು ತಮ್ಮನಾದುದು ಯಾವ ನ್ಯಾಯವೋ ತಿಳಿಯದು. ಲಿಪಿಯ ವಯಸ್ಸನ್ನು ನೋಡಿದ್ದರೆ ಕುಬ್ಜನು ಆಕ್ಷೇಪಿಸುತ್ತಿದ್ದನೆಂದು ತೋರುತ್ತದೆ.

ವಿನೋದ ಹಾಗಿರಲಿ. ‘ಬಾಲೂ ತಮ್ಮ’ನನ್ನು ನಿಧಾನವಾಗಿ ಪರೀಕ್ಷಿಸಿದರೆ ಅದರ ಕೆಲಸಗಾರಿಕೆಗೆ ತಲೆದೂಗಬೇಕಾಗುತ್ತದೆ. ಗೆರೆ ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ದಪ್ಪ, ತುದಿಗಳೆಲ್ಲ ಉರುಟು. ಎರಡು ಗೆರೆಗಳು ಕೂಡುವೆಡೆಯಲ್ಲಿ ಕಣ್ಣಿಗೆ ತಿಳಿಯದಷ್ಟು ಗೆರೆಯನ್ನು ಸಣ್ಣಗೊಳಿಸಿದ್ದಾರೆ; ಇಲ್ಲದಿದ್ದರೆ ಅಲ್ಲಿ ಗಂಟು ಕಟ್ಟಿದಂತಾಗುತ್ತಿತ್ತು. ಇದನ್ನು ಮಾಡಿದವರು ಇದು ಶೀರ್ಷಿಕೆಗಾಗಿ, ಫಲಕಕ್ಕಾಗಿ ಮಾಡಿದ ಅಕ್ಷರವೆಂದು ಹೇಳಿಯೇ ಹೊರಗೆ ಬಿಟ್ಟರು. ಮೊದಲು ಒಂದೇ ದಪ್ಪದಲ್ಲಿದ್ದುದನ್ನು ಮುಂದೆ ತೆಳುವಿನಿಂದ ಕೊಬ್ಬಿನವರೆಗೆ ಐದು ಹದಗಳಲ್ಲಿ ಒದಗಿಸಿದರು. ಯಾರು ಬೇಕಾದರೂ ಹಣವಿಲ್ಲದೆ ಬಳಸಬಹುದು. ಹೀಗೆ ಪುಕ್ಕಟೆಯಾಗಿ ದೊರೆತುದರಿಂದಲೇ ಅದು ಹೋಗಬಾರದ ಕಡೆಗೂ ಹೋಗಿದೆ. ತಪ್ಪು ಅಕ್ಷರದ್ದಲ್ಲ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಕಣ್ಣು ತೆರೆಸಿದವನು ಯಾವ ಪಂಡಿತನೂ ಅಲ್ಲ; ಅಂಗಡಿಗಳಿಗೆ ಬೋರ್ಡು ಬರೆದು ಜೀವಿಸುತ್ತಿದ್ದ ವೃದ್ಧನಾದ ಒಬ್ಬ ಪೇಂಟರು. ಏಣಿಯ ಮೇಲೆ ನಿಂತು ‘ಜವಳಿ’ ಎಂದು ಬರೆಯುತ್ತಿದ್ದವನನ್ನು, ಇನ್ನೂ ಸ್ವಲ್ಪ ದಪ್ಪ ಮಾಡಬಾರದೇ ಎಂದು ಅಂಗಡಿಯವನು ಕೇಳಿದನು. ಆತ ಕುಂಚವನ್ನು ಡಬ್ಬಿಯಂಚಿಗೆ ಒರಸುತ್ತ, ನನ್ನ ಕಡೆ ನೋಡಿ, ‘ಮೇಷ್ಟ್ರೇ, ನೀವೇ ಹೇಳಿ. ದಪ್ಪ ಮಾಡೋದಾದ್ರೆ ಹೊರಗಡೆಗೆ ಬೆಳೆಸಬೇಕು, ಒಳಗಡೆಗೆ ಬೆಳೆಸಬಾರ್ದು. ಹೊಟ್ಟೆ ಮುಚ್ಚಿದ್ರೆ ಅಕ್ಷರ ಸತ್ತಹಾಗೆ. ಹೊರಗೆ ಬೆಳೆಸೋಣ ಅಂದ್ರೆ ಇವರ ಹಲಗೇಲಿ ಜಾಗ ಎಲ್ಲಿದೆ?’ ಎಂದನು. ಉಕ್ಕಿನ ಸಲಾಕೆಯಲ್ಲಿ ಹಳ್ಳವನ್ನು ಮೊದಲು ತೋಡುವವರೂ, ಉದ್ರಿಯ ಪಟ್ಟಿಯಲ್ಲಿ ಗೀರನ್ನು ಸಣ್ಣಗೊಳಿಸಿದವರೂ ನಂಬಿದ್ದ ತತ್ತ್ವವನ್ನು ಆತ ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದನು. ದಪ್ಪಕ್ಷರಕ್ಕೆ ಹೊರಗೆ ಎಡೆ ಬೇಕು. ಎಂದರೆ ಗಾತ್ರ ದೊಡ್ಡದಾಗಿರಬೇಕು. ಗಾತ್ರ ದೊಡ್ಡದಾಗಬೇಕಾದರೆ ಮಾತು ಕಡಮೆಯಿರಬೇಕು.

ಇದನ್ನು ತಿಳಿದಿದ್ದೂ ನಾನೇ ಒಮ್ಮೆ ಎಡವಿದೆ. ನಮ್ಮ ಸೀಮೆಯ ಶಾಸನಗಳಲ್ಲಿ ಕೆಲವನ್ನು ಆರಿಸಿ, ವಿದ್ಯಾರ್ಥಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸಿ ಅಚ್ಚಿಗೆ ಕೊಟ್ಟಿದ್ದೆ. ಕರಡನ್ನು ನೋಡುವ ದಿನ ನಾನು ಬೇರೆ ಊರಿನಲ್ಲಿದ್ದೆ. ಅಚ್ಚಿನವರು ಹುಡುಗರ ಪುಸ್ತಕವೆಂದು ತಿಳಿದು, ಪ್ರೀತಿಯಿಂದಲೇ ಇರಬೇಕು, ಆದ್ಯಂತವಾಗಿ ಕೊಬ್ಬಿದ ದುಂಡಕ್ಷರದಲ್ಲಿ ಸಣ್ಣ ಗಾತ್ರಕ್ಕೆ ಇಳಿಸಿ ಅಚ್ಚುಹಾಕಿದರು. ಕಾಗದ ಅಗ್ಗದ್ದು, ಮಸಿ ಹರಡಿತು. ಆ ಹೊತ್ತಗೆಯಲ್ಲಿ ಬಳ್ಳಿಗಾವಿಯ ಕೋಡಿಯ ಮಠವನ್ನು ಕುರಿತ ಒಂದು ಪಾಠವಿತ್ತು. ಕೇದಾರೇಶ್ವರಕ್ಕೆ ಸೇರಿದ ಕಾಳಾಮುಖರ ಆ ಮಠವನ್ನು ೧೧೬೨ರ ಶಾಸನ ಬಹಳ ಉದಾರವಾಗಿ ವರ್ಣಿಸಿದೆ: ಅದು ವೇದಗಳಿಗೂ ವ್ಯಾಕರಣಗಳಿಗೂ ದರ್ಶನಗಳಿಗೂ ನೆಲೆ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುವ ತಾಣ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ನನಗೆ ಕಾಣಿಸಿದ್ದು ಕೋಡಿಯ ಮಠವಲ್ಲ, ‘ಕೋಡಿಯ ಮರ’! ಒಬ್ಬಿಬ್ಬರಲ್ಲ, ಹತ್ತು ಹನ್ನೆರಡು ಮಂದಿ ಹಾಗೆ ಬರೆದಿದ್ದರು. ಒಬ್ಬ ಹುಡುಗನಂತೂ ಆ ಮರದ ಕೆಳಗೆ ಕುಳಿತು ಪಂಡಿತರು ವ್ಯಾಕರಣವನ್ನು ಹೇಳಿಕೊಡುತ್ತಿದ್ದರೆಂದೂ, ಆ ಮರದ ಎಲೆಗಳಿಂದ ಔಷಧವನ್ನು ತಯಾರಿಸುತ್ತಿದ್ದರೆಂದೂ ಸೊಗಸಾಗಿ ಕಲ್ಪಿಸಿದ್ದನು.

ನಕ್ಕು ಮುಗಿದ ಮೇಲೆ ಹೊತ್ತಗೆಯನ್ನು ತೆರೆದು ನೋಡಿದೆ. ಹುಡುಗರ ತಪ್ಪಿರಲಿಲ್ಲ. ಠಕಾರಕ್ಕೂ ರಕಾರಕ್ಕೂ ಇರುವ ಭೇದ ಒಡಲಿನೊಳಗಿನ ಒಂದು ಚುಕ್ಕೆ. ಒಡಲು ಮಸಿಯಿಂದ ತುಂಬಿದ ಮೇಲೆ ಚುಕ್ಕೆಯೆಲ್ಲಿ, ಬಯಲೆಲ್ಲಿ? ಥಕಾರದ ಗತಿಯೂ ಅದೇ. ದಕಾರ ಧಕಾರಗಳಿಗೆ ಭೇದವಾದ ಕೆಳಗಿನ ಸೀಳು ಮುಚ್ಚಿಹೋಗಿತ್ತು. ಪಕಾರ, ಫಕಾರ, ಷಕಾರಗಳು ಮೂವರು ಅವಳಿಜವಳಿ ಸೋದರರಂತಿದ್ದುವು. ನಮ್ಮ ವರ್ಣಮಾಲೆಯಲ್ಲಿ ಮಹಾಪ್ರಾಣದ ಗುರುತೆಂಬುದು ಬಹುಪಾಲು ಒಂದು ಸಣ್ಣ ಸೀಳು ಅಥವಾ ಒಂದು ಚುಕ್ಕೆ. ಆ ಗುರುತು ವಾಸಮಾಡುವುದು ದಪ್ಪಕ್ಷರ ಮೊದಲು ನುಂಗುವ ಎಡೆಯಲ್ಲಿ. ಒಂದು ಇಡೀ ವಿದ್ಯಾಪೀಠ ಮರವಾಗಿಹೋಗುವುದಕ್ಕೆ ಒಂದು ಚುಕ್ಕೆಯ ಅಳಿವು ಸಾಕಾಯಿತು. ಆ ಹುಡುಗರಲ್ಲಿ ಅನೇಕರು ಆ ಪಾಠವನ್ನು ಮತ್ತೊಮ್ಮೆ ಓದಿರಲಾರರು. ಅವರ ಮನಸ್ಸಿನಲ್ಲಿ ಅದು ಇಂದಿಗೂ ಮರವಾಗಿಯೇ ಇದ್ದೀತು.

ಹಾಗೆಂದು ಈ ಅಕ್ಷರವನ್ನು ಬಹಿಷ್ಕರಿಸಬೇಕೆಂದು ನಾನು ವಾದಿಸುವುದಿಲ್ಲ. ಅದಕ್ಕೆ ತಕ್ಕ ಎಡೆಯಲ್ಲಿ ಅದನ್ನು ಮೀರಿಸುವುದು ಇಲ್ಲ. ಜಾತ್ರೆಯ ಭಿತ್ತಿಪತ್ರದ ಮೇಲಿನ ಒಂದು ಸಾಲು, ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಮಿಠಾಯಿ ಅಂಗಡಿಯ ಹಲಗೆ, ಮಕ್ಕಳ ಕಥೆಯ ಪುಸ್ತಕದ ಹೊದಿಕೆ, ಇಂಥ ಕಡೆಗಳಲ್ಲಿ ಅದರ ನಗುಮುಖ ದೂರದಿಂದಲೇ ಕರೆಯುತ್ತದೆ. ಮೂಲೆಯಿಲ್ಲದ ಅಕ್ಷರಕ್ಕೆ ಮುನಿಸಿಲ್ಲ. ಓಡುವ ಬಸ್ಸಿನ ಫಲಕದ ಮೇಲೆ ತೆಳ್ಳನೆಯ, ಸೊಬಗಿನ ಅಕ್ಷರವನ್ನು ಹಾಕಿದರೆ ಅದು ಧೂಳಿನಲ್ಲಿ ಕರಗಿಹೋಗುತ್ತದೆ. ಅಲ್ಲಿ ಬೇಕಾದುದು ದಪ್ಪವೇ. ಮೂರರಿಂದ ಐದು ಅಕ್ಷರದ, ಒತ್ತಿಲ್ಲದ ಮಾತು ದೊರೆತರಂತೂ ಹೇಳಬೇಕಾದುದೇ ಇಲ್ಲ: ‘ಬನವಾಸಿ’, ‘ಸಾಗರ’, ‘ಶಿಕಾರಿಪುರ’, ‘ಸೊರಬ’. ‘ಚಂದ್ರಗುತ್ತಿ’ಯನ್ನೇ ಬರೆಯಬೇಕಾದರೆ ಐದು ಹದಗಳಲ್ಲಿ ನಡುವಣದನ್ನು ಆರಿಸಿ, ಕೆಳಗೆ ಒತ್ತಿಗೆ ಉಸಿರಾಡುವಷ್ಟು ಎಡೆ ಬಿಟ್ಟು ಬರೆಯಬಹುದು; ಆ ಅಜ್ಜಿ ಯಾರನ್ನೂ ಕೇಳಬೇಕಾಗುತ್ತಿರಲಿಲ್ಲ.

ಅಕ್ಷರದ ಸ್ವಭಾವಕ್ಕೂ ಮಾತಿನ ಸ್ವಭಾವಕ್ಕೂ ಹೊಂದಿಕೆ ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಈಚೆಗೆ ಊರೂರಿನ ವೃತ್ತಗಳಲ್ಲಿ ಕಟ್ಟುವ ದೊಡ್ಡ ಪಟಗಳ ಮೇಲೆ, ತೀರಿಕೊಂಡವರ ಚಿತ್ರದ ಕೆಳಗೆ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಮಾತನ್ನು ಈ ಉಬ್ಬುಗಲ್ಲದ ಅಕ್ಷರದಲ್ಲಿಯೇ ಅಚ್ಚುಮಾಡಿಸುವುದನ್ನು ಕಂಡಿದ್ದೇನೆ. ಒತ್ತುಗಳೆಲ್ಲ ಗೋಜಲಾಗಿರುವುದು ಹಾಗಿರಲಿ, ಅಕ್ಷರವೇ ನಗುತ್ತಿರುತ್ತದೆ. ಮರಣದ ಸುದ್ದಿಯನ್ನು ಹುಟ್ಟುಹಬ್ಬದ ಅಂಗಿ ತೊಟ್ಟವನು ತಂದಂತೆ. ವೀರಗಲ್ಲಿನ ರೂವಾರಿಗೆ ಈ ವಿವೇಕವಿತ್ತು. ಅವನ ದುಂಡಕ್ಷರವೂ ದುಂಡನೆಯದೇ. ಆದರೆ ಅದು ತಲೆ ತಗ್ಗಿಸಿ ನಿಂತಿದೆ.

ವೀರಗಲ್ಲಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿ ನಿಲ್ಲಿಸುತ್ತೇನೆ. ಕಳೆದ ಬೇಸಗೆಯಲ್ಲಿ ಸೊರಬದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಊರ ಮುಂದಿನ ವೀರಗಲ್ಲಿಗೆ ಊರಿನವರು ಭಕ್ತಿಯಿಂದ ಬೆಳ್ಳಿಯ ಬಣ್ಣ ಬಳಿದು, ಅಕ್ಷರಗಳು ಎದ್ದು ಕಾಣಲೆಂದು ಗೀರುಗಳನ್ನು ಕಪ್ಪು ಎಣ್ಣೆಬಣ್ಣದಿಂದ ತುಂಬಿಸಿದ್ದರು. ಕುಂಚ ಗೀರಿನ ಅಂಚನ್ನು ಮೀರಿ ಒಳಗಿನ ಬಯಲಿಗೂ ಹರಿದಿತ್ತು. ಅಕ್ಷರಗಳು ಎದ್ದೇನೋ ಕಾಣುತ್ತಿದ್ದುವು. ಓದಲು ಮಾತ್ರ ಬರುವಂತಿರಲಿಲ್ಲ. ಎಂಟುನೂರು ವರ್ಷಗಳ ಮಳೆಗಾಲವನ್ನು ತಡೆದುಕೊಂಡಿದ್ದ ಸಾಲು ಒಂದು ಡಬ್ಬಿ ಬಣ್ಣಕ್ಕೆ ಸೋತಿತ್ತು. ಊರಿನ ಹಿರಿಯರೊಬ್ಬರನ್ನು ಕಂಡು, ಇದನ್ನು ಕಲ್ಲಿಗೆ ನೋವಾಗದಂತೆ ತೆಗೆಸಬೇಕು, ಪುರಾತತ್ತ್ವ ಇಲಾಖೆಯವರಿಗೆ ಬರೆಯೋಣ ಎಂದೆ. ಅವರು ಬಹಳ ಹೊತ್ತು ಯೋಚಿಸಿ, ‘ನಾವು ಚಂದ ಕಾಣ್ಲಿ ಅಂತ ಮಾಡಿದ್ದು ಮಾರಾಯ್ರೆ. ಅದರಲ್ಲಿ ಏನು ಬರ್ದಿತ್ತು?’ ಎಂದು ಕೇಳಿದರು. ರೈಸ್ ಮಹಾಶಯರ ಸಂಪುಟವನ್ನು ಚೀಲದಿಂದ ತೆಗೆದು, ಅವರ ಜಗಲಿಯ ಮೇಲೆ ಕುಳಿತು, ಆ ಸಾಲನ್ನು ಪುಸ್ತಕದಿಂದಲೇ ಓದಿ ಹೇಳಿದೆ.